ನನ್ನ ಮರುಕಕ್ಕೆ ಸಿಕ್ಕ ಅಂಕ: 112ಕ್ಕೆ 53

ಹೋದ ವರ್ಷ ಜೂನ್ ತಿಂಗಳು. ಮಧ್ಯಾಹ್ನ ಎರಡು ಗಂಟೆಯ ಹ್ಯಾಂಡೋವರ್ ಮುಗಿಸಿ ಮನೆಗೆ ಹೊರಡುವ ಹೊತ್ತಿಗೆ ನಮ್ಮನ್ನೆಲ್ಲ ಸೆಮಿನಾರ್ ಹಾಲ್‌ಗೆ ಕರೆದರು. ಒಂದು ಸಮೋಸ, ಅರ್ಧ ಲೋಟ ಟೀ, ಒಂದು ಪೆನ್ನು, ಮೂರು ಪುಟದ ಫಾರ್ಮ್. ಎಚ್‌ಆರ್ ಹುಡುಗ ಮೈಕ್ ಹಿಡಿದು, "ನಿಮ್ಮಲ್ಲಿ ಸಹಾನುಭೂತಿ ಎಷ್ಟಿದೆ ಅಂತ ಅಳೆಯೋ ಫಾರ್ಮ್ ಇದು. ಇದರಲ್ಲಿ ಸರಿ ತಪ್ಪು ಅಂತ ಏನಿಲ್ಲ, ಮನಸ್ಸಿಗೆ ಬಂದದ್ದನ್ನ ತುಂಬಿ" ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: "ಇದರ ಅಂಕ ಅಪ್ರೈಸಲ್‌ಗೆ ಹೋಗುತ್ತೆ."

ಎಲ್ಲರೂ ಒಂದು ಸಲ ಪಕ್ಕದವರ ಮುಖ ನೋಡಿಕೊಂಡೆವು. ತುಂಬಿ ಕೊಟ್ಟೆವು. ಹದಿನೈದು ದಿನದ ಮೇಲೆ ಫಲಿತಾಂಶ ಬಂತು. ನನಗೆ 112ಕ್ಕೆ 53. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಸುಧಾರಿಸಿಕೊಳ್ಳಬೇಕು" ಎಂದು ಬರೆದಿತ್ತು.

ನಾನು ಶಿವಮೊಗ್ಗದ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಆಸ್ಪತ್ರೆಯ ಹೆಸರು ಬೇಡ, ಸಂಬಳ ಅಲ್ಲಿಂದಲೇ ಬರಬೇಕು. ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷ. ಆ ಕೆಂಪು ಶಾಯಿ ನೋಡಿ ಮೈ ಉರಿದುಹೋಯಿತು. ಮಗಳು ಮೈಸೂರಿನಲ್ಲಿ ಎಂಎಸ್‌ಸಿ ಸೈಕಾಲಜಿ ಓದುತ್ತಿದ್ದಾಳೆ. ಅವಳಿಗೆ ಫಾರ್ಮಿನ ಫೋಟೊ ಕಳಿಸಿ, "ಏನೇ ಇದು?" ಎಂದೆ. ಅಲ್ಲಿಂದ ಶುರುವಾದದ್ದು ಆರು ತಿಂಗಳು ನಡೆಯಿತು. ಇಂಥ ಮೂರು ಫಾರ್ಮ್ ನಾನೇ ತುಂಬಿ ನೋಡಿದೆ, ಮನೆಯವರ ಕೈಯಲ್ಲೂ ತುಂಬಿಸಿದೆ. ನಿಮ್ಮ ಆಫೀಸು, ಸ್ಕೂಲು, ಆಸ್ಪತ್ರೆಗೂ ಈ ಫಾರ್ಮ್ ಬರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅದರ ಕನ್ನಡದ ವಿಷಯ ಹೇಳಿಬಿಡುತ್ತೇನೆ. ಇಂಗ್ಲಿಷ್ ಫಾರ್ಮನ್ನು ಯಾವುದೋ ಯಂತ್ರದ ಬಾಯಿಗೆ ಹಾಕಿ ತೆಗೆದಂತಿತ್ತು. ಒಂದು ವಾಕ್ಯ ಹೀಗಿತ್ತು: "ಬೇರೆಯವರ ಬೂಟಿನಲ್ಲಿ ನನ್ನನ್ನು ಇರಿಸಿಕೊಳ್ಳುವುದು ನನಗೆ ಸುಲಭ." ನಮ್ಮ ವಾರ್ಡಿನ ಆಯಾ ಕೈ ಎತ್ತಿ ಕೇಳಿದಳು, "ಯಾರ ಬೂಟು ಸಿಸ್ಟರ್? ಓಟಿ ಬಾಗಿಲಲ್ಲಿ ಬಿಟ್ಟಿರ್ತಾರಲ್ಲ, ಅದಾ?" ಇಡೀ ಹಾಲ್ ನಕ್ಕಿತು. ಅವಳು ಮಾತ್ರ ನಗಲಿಲ್ಲ. ಸೋಂಕಿನ ಬಗ್ಗೆ ಪಾಠ ಕೇಳಿದವಳು, ಬೇರೆಯವರ ಬೂಟು ಹಾಕಬಾರದು ಅಂತ ಗೊತ್ತು. "ಇಲ್ಲವೇ ಇಲ್ಲ" ಎಂಬಲ್ಲಿ ಟಿಕ್ ಹಾಕಿದಳು. ಬೇರೆಯವರ ಜಾಗದಲ್ಲಿ ನಿಂತು ಯೋಚಿಸುವುದಕ್ಕೆ ಇಂಗ್ಲಿಷಿನವರು ಹಾಗನ್ನುತ್ತಾರೆ ಅಂತ ಅವಳಿಗೇನು ಗೊತ್ತು? ಆ ವಾಕ್ಯದ ಅಂಕ ಹೋಯಿತು.

ಒಂದು ಪುಟದಲ್ಲಿ "ಸಹಾನುಭೂತಿ", ಮುಂದಿನ ಪುಟದಲ್ಲಿ "ಅನುಕಂಪ". ಅನುಕಂಪ ಅಂದರೆ ನಮ್ಮ ಕಡೆ ಜನಕ್ಕೆ ಮೊದಲು ನೆನಪಾಗುವುದು ಅನುಕಂಪದ ಮೇಲೆ ಸಿಗುವ ಸರ್ಕಾರಿ ಕೆಲಸ! ಇಂಗ್ಲಿಷ್ ಪದ ಎಂಪತಿ, ಅದಕ್ಕೆ ಸೈಕಾಲಜಿ ಪುಸ್ತಕದವರು "ಪರಾನುಭೂತಿ" ಅನ್ನುತ್ತಾರಂತೆ. ಮಗಳು ಹೇಳಿದಳು. ಆ ಮಾತು ನಾನು ವಾರ್ಡಿನಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ನಾವು "ಅಯ್ಯೋ ಪಾಪ" ಅಂತೀವಿ, "ಕರುಳು ಚುರ್ ಅಂತು" ಅಂತೀವಿ. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವುದು ಬೇರೆ, ಕರುಳು ಚುರ್ ಅನ್ನುವುದು ಬೇರೆ. ಎರಡನ್ನೂ ಒಂದೇ ಅಂತ ಅಂಕ ಕೊಟ್ಟರೆ ಹೇಗೆ?

ತಮಾಷೆ ಎಂದರೆ, ಆ ಫಾರ್ಮ್ ಮಾಡಿದ ಮನುಷ್ಯನೂ ಇದನ್ನೇ ಹೇಳಿದ್ದರು.

ನಮಗೆ ಕೊಟ್ಟದ್ದರಲ್ಲಿ ಬಹುಪಾಲು ಅಮೆರಿಕದ ಮಾರ್ಕ್ ಡೇವಿಸ್ ಅವರು 1980ರಲ್ಲಿ ಮಾಡಿದ ಫಾರ್ಮು. ಐಆರ್‌ಐ ಅಂತಾರೆ, ಪೂರ್ತಿ ಹೆಸರು ಇಂಟರ್‌ಪರ್ಸನಲ್ ರಿಯಾಕ್ಟಿವಿಟಿ ಇಂಡೆಕ್ಸ್. ಒಟ್ಟು 28 ವಾಕ್ಯ. ಪ್ರತಿಯೊಂದಕ್ಕೂ "ನನಗೆ ಹೊಂದುವುದಿಲ್ಲ"ದಿಂದ "ತುಂಬ ಹೊಂದುತ್ತದೆ"ವರೆಗೆ ಎ, ಬಿ, ಸಿ, ಡಿ, ಇ ಎಂದು ಐದು ಮನೆ. ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಒಂಬತ್ತು ವಾಕ್ಯಕ್ಕೆ ಅಂಕ ಉಲ್ಟಾ. ಬೂಟಿನ ವಾಕ್ಯ ಮಾತ್ರ ಇದರದ್ದಲ್ಲ, ಬೇರೊಂದು ಫಾರ್ಮಿನಿಂದ ತಂದು, 28ರಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ತುರುಕಿದ್ದರು.

ಈ 28ರಲ್ಲಿ ನಾಲ್ಕು ಗುಂಪು, ಗುಂಪಿಗೆ ಏಳು. ಒಂದು, ಬೇರೆಯವರ ಕಡೆಯಿಂದ ಯೋಚಿಸುವುದು. ಎರಡು, ಸಿನಿಮಾ ಕಾದಂಬರಿಯ ಪಾತ್ರದೊಳಗೆ ಇಳಿದುಬಿಡುವುದು. ಮೂರು, ಕಷ್ಟದಲ್ಲಿರುವವರನ್ನು ಕಂಡು ಮರುಗುವುದು. ನಾಲ್ಕನೆಯದು, ತುರ್ತು ಹೊತ್ತಿನಲ್ಲಿ ನಮಗೇ ಗಾಬರಿಯಾಗಿ ಕೈಕಾಲು ಆಡದೆ ಹೋಗುವುದು. ಈ ನಾಲ್ಕೂ ಬೇರೆಬೇರೆ ಎಂದು ತೋರಿಸುವುದೇ ಡೇವಿಸ್ ಅವರ ಉದ್ದೇಶ. ನಾಲ್ಕನ್ನೂ ಕೂಡಿಸಿ ಒಂದು ಮೊತ್ತ ಮಾಡಲು ಅದನ್ನು ಕಟ್ಟಿಲ್ಲ. ನಮ್ಮವರು ಮಾಡಿದ್ದು ಅದನ್ನೇ. ಏಳು ನಾಲ್ಕಲೆ ಇಪ್ಪತ್ತೆಂಟು, ಇಪ್ಪತ್ತೆಂಟು ನಾಲ್ಕಲೆ ನೂರ ಹನ್ನೆರಡು. ಎಕ್ಸೆಲ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತಲ್ಲ.

ಕೂಡಿಸಿದರೆ ಏನಾಗುತ್ತದೆ ಅಂತ ನೋಡಿ. ನನ್ನದು 17, 9, 22, 5. ಎರಡನೆಯದರಲ್ಲಿ ಒಂಬತ್ತೇ ಬಂದದ್ದಕ್ಕೆ ಕಾರಣ ಇದೆ. ಟಿವಿ ಹಾಕಿದ ಹತ್ತು ನಿಮಿಷಕ್ಕೆ ನನಗೆ ನಿದ್ದೆ. ಸೀರಿಯಲ್ ನಾಯಕಿಯ ಕಷ್ಟ ಕೇಳುವಷ್ಟು ಹೊತ್ತು ನಾನು ಎಚ್ಚರವಿದ್ದರೆ ತಾನೆ? ನಾಲ್ಕನೆಯದರಲ್ಲಿ ಐದು ಬಂದದ್ದು, ಎಮರ್ಜೆನ್ಸಿಯಲ್ಲಿ ನನಗೆ ಗಾಬರಿ ಕಡಿಮೆ ಎಂದು ಟಿಕ್ ಹಾಕಿದ್ದಕ್ಕೆ.

ನಮ್ಮ ವಾರ್ಡಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಾಳೆ. ಒಳ್ಳೆಯ ಮಗು. ಟೀ ಹೊತ್ತಿನಲ್ಲಿ ಇಬ್ಬರೂ ಹಾಳೆ ಬದಲಾಯಿಸಿ ನೋಡಿಕೊಂಡೆವು. ಅವಳಿಗೆ 15, 23, 24, 21. ಒಟ್ಟು 83. "ಅತ್ಯುತ್ತಮ" ಎಂದು ಹಸಿರು ಶಾಯಿ. ಅದಕ್ಕೆ ಹಿಂದಿನ ತಿಂಗಳು ಒಬ್ಬ ಅಜ್ಜನ ಬಿಪಿ ಇದ್ದಕ್ಕಿದ್ದಂತೆ ಇಳಿದಾಗ ಇವಳ ಕೈಯಿಂದ ಟ್ರೇ ಬಿದ್ದು, ಮೂಲೆಯಲ್ಲಿ ನಿಂತು ಅತ್ತಿದ್ದಳು. ತಪ್ಪು ಅನ್ನುತ್ತಿಲ್ಲ, ಮೊದಲ ವರ್ಷ ನಾನೂ ಅತ್ತಿದ್ದೆ. ಆ ರಾತ್ರಿ ಅಜ್ಜನ ಕೈಯಲ್ಲಿ ನರ ಹುಡುಕಿ ಕ್ಯಾನುಲಾ ಹಾಕಿ, ಇನ್ನೊಂದು ಕೈಯಲ್ಲಿ ಅವರ ಹೆಂಡತಿಯ ಭುಜ ಹಿಡಿದುಕೊಂಡಿದ್ದ ಹಿರಿಯ ಸಿಸ್ಟರ್‌ಗೆ ಬಂದದ್ದು 49. ಗಾಬರಿಯಾದವಳಿಗೆ 21 ಅಂಕ ಸಿಕ್ಕಿತು. ಗಾಬರಿಯಾಗದವಳಿಗೆ ಅದೇ ಏಳು ಪ್ರಶ್ನೆಯಲ್ಲಿ ಎರಡೋ ಮೂರೋ. ಇದು ಡೇವಿಸ್ ಅವರ ತಪ್ಪಲ್ಲ. ತಕ್ಕಡಿ ಮಾಡಿದವನು "ಇದರಲ್ಲಿ ಅಕ್ಕಿ, ಬೇಳೆ, ಉಪ್ಪು ಬೇರೆಬೇರೆ ತೂಗಿ" ಎಂದು ಬರೆದಿದ್ದರೂ ಅಂಗಡಿಯವನು ಮೂರನ್ನೂ ಒಂದೇ ಚೀಲಕ್ಕೆ ಸುರಿದು ತೂಗಿದ ಹಾಗೆ.

ಹಾಗಾಗಿ ಐಆರ್‌ಐಗೆ ನಾನು ಐದಕ್ಕೆ ಮೂರು ಕೊಡುತ್ತೇನೆ. ಅದನ್ನು ಬಳಸಿದ ರೀತಿಗೆ ಅರ್ಧ, ಅದೂ ಸಮೋಸ ಬಿಸಿಯಾಗಿತ್ತು ಅಂತ.

ಎರಡನೆಯ ಫಾರ್ಮ್ ಬೂಟಿನ ವಾಕ್ಯದ ತವರುಮನೆ. ಎಂಪತಿ ಕೋಶೆಂಟ್, ಚಿಕ್ಕದಾಗಿ ಇಕ್ಯೂ. 2004ರಲ್ಲಿ ಕೇಂಬ್ರಿಡ್ಜಿನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸ್ಯಾಲಿ ವೀಲ್‌ರೈಟ್ ಮಾಡಿದ್ದು. 60 ವಾಕ್ಯ, ಅದರಲ್ಲಿ 20 ಸುಮ್ನೆ ಗಮನ ಬೇರೆ ಕಡೆ ಸೆಳೆಯಲು ಹಾಕಿದ್ದು, ಅವಕ್ಕೆ ಅಂಕವಿಲ್ಲ. ಮನುಷ್ಯರಿಗಿಂತ ಪ್ರಾಣಿಗಳೇ ಇಷ್ಟ ಅನ್ನುವಂಥವು. ಉಳಿದ 40ಕ್ಕೆ ಎರಡೆರಡು, ಒಟ್ಟು 80. ಚಿಕ್ಕವರಿದ್ದಾಗ ಎರೆಹುಳ ಕತ್ತರಿಸಿ ಏನಾಗುತ್ತೆ ಅಂತ ನೋಡಿ ಖುಷಿಪಡುತ್ತಿದ್ದಿರಾ ಎಂದೂ ಕೇಳುತ್ತಾರೆ. ನನ್ನ ತಮ್ಮ ಗಾಳದ ಕೊಕ್ಕೆಗೆ ಹುಳ ಸಿಕ್ಕಿಸಲು ಕತ್ತರಿಸುತ್ತಿದ್ದ. ಅದು ಲೆಕ್ಕಕ್ಕೆ ಬರುತ್ತಾ ಅಂತ ಮಗಳನ್ನು ಕೇಳಿದೆ. "ಅಮ್ಮಾ, ನಿನ್ನ ಬಗ್ಗೆ ಮಾತ್ರ ತುಂಬು" ಎಂದಳು.

ತುಂಬಿದೆ. 44 ಬಂತು. ಅವರು ಮೊದಲು ಅಳೆದಾಗ ಹೆಂಗಸರ ಸರಾಸರಿ ಸುಮಾರು 47, ಗಂಡಸರದು 42 ಇತ್ತಂತೆ. ನಾನು ನಡುವೆ. ಪರವಾಗಿಲ್ಲ ಅಂದುಕೊಂಡೆ.

ಆಮೇಲೆ ನಮ್ಮನೆಯವರನ್ನು ಕೂರಿಸಿದೆ. "ರೀ, ಇದನ್ನ ನನ್ನ ಬಗ್ಗೆ ತುಂಬಿ. ನಿಮ್ಮ ಬಗ್ಗೆ ಅಲ್ಲ." ಅವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್. ಯಾರು ಟಿಕೆಟ್ ತಗೊಂಡಿಲ್ಲ ಅಂತ ಮುಖ ನೋಡಿಯೇ ಹೇಳುತ್ತಾರೆ. ಕನ್ನಡಕ ಏರಿಸಿಕೊಂಡು ಶುರು ಮಾಡಿದರು. ಮಾತಿನ ನಡುವೆ ಬೇರೆಯವರಿಗೂ ಏನೋ ಹೇಳಬೇಕಿದೆ ಅಂತ ಇವಳಿಗೆ ತಿಳಿಯುತ್ತಾ ಎಂಬ ವಾಕ್ಯ ಬಂತು. "ನೀನು ಮಾತಾಡ್ತಿದ್ರೆ ನಡುವೆ ಬಾಯಿ ಹಾಕೋ ಧೈರ್ಯ ಯಾರಿಗಿದೆ ಮಾರಾಯ್ತಿ?" ಎಂದು ಸೊನ್ನೆ ಕೊಟ್ಟರು. ಒಟ್ಟು 31.

ಒಂದೇ ಹೆಂಗಸು, ಒಂದೇ ಭಾನುವಾರ, ಒಂದೇ ಫಾರ್ಮು. ನನ್ನ ಕೈಯಲ್ಲಿ 44, ಅವರ ಕೈಯಲ್ಲಿ 31.

ಈ ಫಾರ್ಮಿನಲ್ಲಿ 30 ಒಂದು ಗೆರೆ. ಆಟಿಸಂ ಇರುವ ದೊಡ್ಡವರಲ್ಲಿ 81% ಜನಕ್ಕೆ 30 ಅಥವಾ ಅದಕ್ಕಿಂತ ಕಡಿಮೆ ಬಂತು, ಉಳಿದವರಲ್ಲಿ 12% ಜನಕ್ಕೆ ಮಾತ್ರ ಎಂದು ಆ 2004ರ ಲೇಖನದಲ್ಲಿದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಇಂಟರ್ನೆಟ್‌ನಲ್ಲಿ ತುಂಬಿ, ಕಡಿಮೆ ಬಂತು ಅಂತ ಮಗನಿಗೋ ಗಂಡನಿಗೋ ಹೆಸರು ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ ಎಂಬ ಬ್ರಿಟನ್ನಿನ ವಿದ್ವಾಂಸರು 2012ರಲ್ಲೇ ಕೇಳಿದರು: ಆಟಿಸಂ ಇರುವವರು ನಮ್ಮನ್ನು ಅರ್ಥ ಮಾಡಿಕೊಳ್ಳುವುದಿಲ್ಲ ಅನ್ನುತ್ತೀರಲ್ಲ, ನೀವು ಅವರನ್ನು ಅರ್ಥ ಮಾಡಿಕೊಂಡಿದ್ದೀರಾ? ತೊಡಕು ಎರಡೂ ಕಡೆ ಇದೆ ಎನ್ನುವುದು ಅವರ ವಾದ. ಒಬ್ಬರ ಕೈಗೆ ಮಾತ್ರ ಕೊಟ್ಟ ಫಾರ್ಮಿನಲ್ಲಿ ಎರಡನೆಯ ಕಡೆ ಕಾಣಿಸುವುದೇ ಇಲ್ಲ.

ಹೆಂಗಸರಿಗೆ ಜಾಸ್ತಿ, ಗಂಡಸರಿಗೆ ಕಡಿಮೆ ಎನ್ನುವುದರ ಬಗ್ಗೆ ಮಗಳ ಜೊತೆ ದೊಡ್ಡ ಜಗಳವೇ ಆಯಿತು. ನನಗೆ ಅದು ಸರಿ ಅನ್ನಿಸಿತ್ತು, ಅವಳು ಒಪ್ಪಲಿಲ್ಲ. 1983ರಲ್ಲಿ ನ್ಯಾನ್ಸಿ ಐಸೆನ್‌ಬರ್ಗ್ ಮತ್ತು ರಾಂಡಿ ಲೆನನ್ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರಂತೆ. ಫಾರ್ಮ್ ತುಂಬಿಸಿದಾಗ ಹೆಂಗಸರು ತುಂಬ ಮುಂದೆ. ಎದೆಬಡಿತ ಅಥವಾ ಬೆವರು ಅಳೆದಾಗ, ಗೊತ್ತಾಗದ ಹಾಗೆ ಗಮನಿಸಿದಾಗ ಆ ಅಂತರ ಕಾಣಲಿಲ್ಲ. 2001ರಲ್ಲಿ ಕ್ಲೈನ್ ಮತ್ತು ಹಾಜಸ್ ಎಂಬಿಬ್ಬರು ಇನ್ನೊಂದು ಮಾಡಿದರು. ವಿಡಿಯೊದಲ್ಲಿರುವವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಬೇಕು, ಸರಿಯಾಗಿ ಹೇಳಿದರೆ ದುಡ್ಡು. ದುಡ್ಡು ಅಂದದ್ದೇ ಗಂಡಸರು ಹೆಂಗಸರ ಸಮಕ್ಕೆ ಬಂದುಬಿಟ್ಟರು! ಇದನ್ನು ನಮ್ಮನೆಯವರಿಗೆ ಹೇಳಿದೆ. "ನಾನು ಹೇಳ್ಲಿಲ್ವಾ, ಸಂಬಳ ಕೊಟ್ರೆ ಎಲ್ಲಾ ಆಗುತ್ತೆ" ಎಂದರು. ಅವರ ಡಿಎ ಬಾಕಿಯ ಕಥೆ ಬೇರೆ.

ಮಗಳು ತೋರಿಸಿದ್ದರಲ್ಲಿ ನನ್ನ ಸಿಟ್ಟು ಪೂರ್ತಿ ಇಳಿಸಿದ್ದು 2019ರ ಒಂದು ಲೇಖನ. ಮರ್ಫಿ ಮತ್ತು ಲಿಲಿಯನ್‌ಫೆಲ್ಡ್ ಎಂಬವರದು. ಬೇರೆಯವರ ಮನಸ್ಸು ನನಗೆ ಅರ್ಥವಾಗುತ್ತದೆ ಎಂದು ಫಾರ್ಮಿನಲ್ಲಿ ಬರೆದುಕೊಂಡವರಿಗೆ ನಿಜವಾಗಿ ಪರೀಕ್ಷೆ ಕೊಟ್ಟರೆ ಅರ್ಥವಾಗುತ್ತದಾ? 85 ಅಧ್ಯಯನ, 14 ಸಾವಿರಕ್ಕೂ ಜಾಸ್ತಿ ಜನ. ಪರೀಕ್ಷೆಯಲ್ಲಿ ಒಬ್ಬರಿಗೊಬ್ಬರಿಗೆ ಕಂಡ ವ್ಯತ್ಯಾಸದಲ್ಲಿ ಫಾರ್ಮಿನ ಅಂಕ ವಿವರಿಸಿದ್ದು ಸುಮಾರು ನೂರಕ್ಕೆ ಒಂದು ಪಾಲು. ನಾನು ಚೆನ್ನಾಗಿ ಹಾಡುತ್ತೇನೆ ಎಂದು ಬಚ್ಚಲಲ್ಲಿ ಹಾಡುವವರೆಲ್ಲ ಬರೆಯುತ್ತಾರೆ. ಶ್ರುತಿಪೆಟ್ಟಿಗೆ ಪಕ್ಕ ಕೂತಾಗ ಗೊತ್ತಾಗುವುದು ಬೇರೆ.

ಆದರೆ ಆ ಪರೀಕ್ಷೆಗಳೂ ನನಗೆ ಪೂರ್ತಿ ಹಿಡಿಸಲಿಲ್ಲ. ಅದರಲ್ಲೊಂದು ಕಣ್ಣಿನ ಪರೀಕ್ಷೆ. 36 ಫೋಟೊ, ಪ್ರತಿಯೊಂದರಲ್ಲೂ ಬರೀ ಕಣ್ಣು, ಸುತ್ತ ನಾಲ್ಕು ಪದ, ಯಾವ ಭಾವ ಎಂದು ಆರಿಸಬೇಕು. ನನಗೆ 24 ಸರಿಬಂತು. ಎಲ್ಲ ಬಿಳಿಯರ ಕಣ್ಣು. ನಮ್ಮ ವಾರ್ಡಿನಲ್ಲಿ ನೋವು ಕಣ್ಣಲ್ಲಿ ಕಾಣುವುದು ಕೊನೆಗೆ. ಹಳ್ಳಿಯಿಂದ ಬಂದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆ ಕಡೆ ತಿರುಗಿ ಮಲಗುತ್ತಾರೆ. "ನೋವಿದೆಯಾ ಅಮ್ಮಾ?" ಅಂದರೆ "ಇಲ್ಲ ತಾಯಿ" ಅನ್ನುತ್ತಾರೆ. ನಾನು ನೋಡುವುದು ಕಾಲಿನ ಬೆರಳು. ನೋವಿದ್ದರೆ ಹೆಬ್ಬೆರಳು ಮಡಚಿಕೊಂಡಿರುತ್ತದೆ, ಇಲ್ಲವೇ ಕೈ ಬೆಡ್‌ಶೀಟಿನ ಅಂಚು ಹಿಡಿದಿರುತ್ತದೆ. ಇದನ್ನು ನನಗೆ ಕಲಿಸಿದ್ದು ಒಬ್ಬ ಆಯಾ. ಅವರಿಗೆ ಓದು ಬರೆಯಲು ಬರುತ್ತಿರಲಿಲ್ಲ. ಯಾವ ಫಾರ್ಮನ್ನೂ ತುಂಬದೆ ರಿಟೈರ್ ಆದರು.

ಮೂರನೆಯದು ಜೆಫರ್ಸನ್ ಸ್ಕೇಲ್. ಇದು ನಮ್ಮಂಥವರಿಗೆಂದೇ ಮಾಡಿದ್ದು. ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದಲ್ಲಿ ಮೊಹಮ್ಮದ್‌ರೆಜಾ ಹೋಜತ್ ಮತ್ತು ಜೊತೆಯವರು 2001ರ ಹೊತ್ತಿಗೆ ಹೊರತಂದರು. ಕೆಲಸದಲ್ಲಿರುವ ಡಾಕ್ಟರು, ನರ್ಸುಗಳಿಗೆ ಒಂದು ಪ್ರತಿ, ಮೆಡಿಕಲ್ ವಿದ್ಯಾರ್ಥಿಗಳಿಗೆ ಇನ್ನೊಂದು. 20 ವಾಕ್ಯ, ಒಂದರಿಂದ ಏಳು ಅಂಕ, ಒಟ್ಟು 20ರಿಂದ 140. ಇದಕ್ಕೆ ದುಡ್ಡು ಕೊಡಬೇಕು. ಮಗಳ ಕಾಲೇಜಿನಲ್ಲಿ ಒಬ್ಬರು ಸಂಶೋಧನೆಗೆ ತರಿಸಿದ್ದರು, ಅದರಲ್ಲಿ ನಾನೂ ಒಬ್ಬಳಾಗಿ ತುಂಬಿದೆ. ಅಚ್ಚುಕಟ್ಟಾಗಿದೆ, ಆಸ್ಪತ್ರೆಯ ಭಾಷೆ ಇದೆ. ಆದರೆ ಬಹಳಷ್ಟು ವಾಕ್ಯ ನನ್ನ ನಂಬಿಕೆಯನ್ನು ಕೇಳುತ್ತವೆ. ರೋಗಿಯ ಭಾವನೆ ಅರ್ಥ ಮಾಡಿಕೊಳ್ಳುವುದು ಚಿಕಿತ್ಸೆಗೆ ಮುಖ್ಯ ಎಂದು ಒಪ್ಪುತ್ತೀರಾ? ಒಪ್ಪದೆ ಇರಲಾಗುತ್ತದಾ? ಕೈ ತೊಳೆಯುವುದು ಮುಖ್ಯವೇ ಎಂದು ಕೇಳಿದ ಹಾಗೆ. ನೂರಕ್ಕೆ ನೂರು ಜನ ಹೌದು ಅನ್ನುತ್ತಾರೆ, ಸಿಂಕಿನ ಹತ್ತಿರ ಒಂದು ಗಂಟೆ ನಿಂತು ನೋಡಿದರೆ ಕಥೆ ಗೊತ್ತಾಗುತ್ತದೆ.

ಹಾಗಂತ ಇದು ಬರೀ ಕಾಗದ ಅಂತ ತಳ್ಳಿಹಾಕಲೂ ಆಗುವುದಿಲ್ಲ. 2011ರಲ್ಲಿ ಹೋಜತ್ ಅವರ ತಂಡ 29 ಡಾಕ್ಟರು ಮತ್ತು ಅವರ 891 ಸಕ್ಕರೆ ಕಾಯಿಲೆ ರೋಗಿಗಳನ್ನು ನೋಡಿತು. ಈ ಫಾರ್ಮಿನಲ್ಲಿ ಹೆಚ್ಚು ಅಂಕ ಬಂದ ಡಾಕ್ಟರ ರೋಗಿಗಳಲ್ಲಿ 56% ಜನಕ್ಕೆ ಮೂರು ತಿಂಗಳ ಸಕ್ಕರೆ ಹತೋಟಿಯಲ್ಲಿತ್ತು. ಕಡಿಮೆ ಅಂಕದವರ ರೋಗಿಗಳಲ್ಲಿ 40%. ಇಟಲಿಯ ಪಾರ್ಮಾದಲ್ಲಿ 242 ಡಾಕ್ಟರು, 20 ಸಾವಿರಕ್ಕೂ ಜಾಸ್ತಿ ರೋಗಿಗಳನ್ನು ನೋಡಿದಾಗಲೂ, ಹೆಚ್ಚು ಅಂಕದ ಡಾಕ್ಟರ ರೋಗಿಗಳು ಸಕ್ಕರೆ ಏರುಪೇರಾಗಿ ಆಸ್ಪತ್ರೆ ಸೇರಿದ್ದು ಕಡಿಮೆ. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ಇದು ಮುಖ್ಯ ಎಂದು ಮನಸಾರೆ ಒಪ್ಪಿದ ಡಾಕ್ಟರ್ ಇನ್ನೆರಡು ನಿಮಿಷ ಜಾಸ್ತಿ ಕೂರುತ್ತಾರೋ ಏನೋ. ಮೂರು ಫಾರ್ಮಿನಲ್ಲಿ ಇದಕ್ಕೇ ನನ್ನ ಅತಿ ಹೆಚ್ಚು ಅಂಕ, ಐದಕ್ಕೆ ಮೂರೂವರೆ. ದುಡ್ಡು ತಗೊಳ್ಳದೆ ಇದ್ದಿದ್ದರೆ ನಾಲ್ಕು.

ರೋಗಿಗಳ ಕೈಗೇ ಫಾರ್ಮ್ ಕೊಟ್ಟರೆ ಆಗದೇ? ಅದೂ ಇದೆ. ಆಗ ಗ್ಲಾಸ್ಗೋದಲ್ಲಿದ್ದ ಸ್ಟುವರ್ಟ್ ಮರ್ಸರ್ ಅವರು ಮಾಡಿದ ಕೇರ್ ಮೆಷರ್, ಹತ್ತೇ ಪ್ರಶ್ನೆ. ನಿಮ್ಮ ಮಾತು ಪೂರ್ತಿ ಕೇಳಿದರಾ, ನಿಮ್ಮನ್ನು ಒಬ್ಬ ಮನುಷ್ಯ ಅಂತ ನೋಡಿದರಾ ಅನ್ನುವಂಥವು. ಪ್ರಶ್ನೆ ನನಗೆ ಇಷ್ಟವಾಯಿತು. ಆದರೆ ನಮ್ಮಲ್ಲಿ ಡಿಸ್ಚಾರ್ಜ್ ಆಗುವವರೆಗೂ ಎಲ್ಲರೂ ಒಳ್ಳೆಯ ಸಿಸ್ಟರೇ. ಬಿಲ್ ಕೌಂಟರ್‌ನಿಂದ ವಾಪಸ್ ಬಂದ ಮೇಲೆ ಯಾರೂ ಒಳ್ಳೆಯವರಲ್ಲ. ಯಾವಾಗ ತುಂಬಿಸುತ್ತೀರಿ?

ಕೊನೆಗೆ ಅತ್ತೆಯ ಹತ್ತಿರ ಹೋದೆ. ಅವರಿಗೆ ಎಪ್ಪತ್ತೆಂಟು, ಎರಡೂ ಮೊಣಕಾಲು ಸವೆದಿವೆ. ನಾನು ವಾಕ್ಯ ಓದುವುದು, ಅವರು ಹೌದು ಇಲ್ಲ ಹೇಳುವುದು ಅಂತ ಮಾತಾಯಿತು. ಮೂರು ವಾಕ್ಯಕ್ಕೆ ಅವರಿಗೆ ಬೇಜಾರು ಬಂತು. "ಅದೆಲ್ಲ ಯಾಕೆ ಕಣೇ? ನಿಂಗೆ ಬೇರೆಯವ್ರ ನೋವು ಗೊತ್ತಾಗುತ್ತೆ. ಬೆಳಿಗ್ಗೆ ನಾನು ಎದ್ದು ಕೂರೋ ಮೊದಲೇ ಎಣ್ಣೆ ಬಿಸಿ ಮಾಡಿ ತಂದಿರ್ತೀಯ. ಡ್ಯೂಟಿ ಮುಗಿಸಿ ಬಂದ್ಮೇಲೆ ಮಾತ್ರ ಗೊತ್ತಾಗಲ್ಲ. ಆಗ ನಾನೂ ಕೇಳಲ್ಲ."

ಎಣ್ಣೆ ಬಟ್ಟಲು ಕೈಯಲ್ಲೇ ಇತ್ತು. ಏನೂ ಹೇಳಲು ಬಾಯಿ ಬರಲಿಲ್ಲ. ಮೂರು ಫಾರ್ಮಿನ 108 ವಾಕ್ಯಗಳಲ್ಲಿ ಒಂದೂ "ಎಷ್ಟು ಗಂಟೆಗೆ?" ಎಂದು ಕೇಳಿರಲಿಲ್ಲ. ಎಲ್ಲವೂ ನೀವು ಎಂಥವರು ಎಂದೇ ಕೇಳುತ್ತವೆ. ಬೆಳಿಗ್ಗೆ ಎಂಟಕ್ಕೆ ನಾನು ಒಬ್ಬಳು. ಒಂದು ಸಾವು, ಎರಡು ಅಡ್ಮಿಷನ್, ಅಟೆಂಡರ್‌ಗಳ ಜಗಳ ಎಲ್ಲ ಮುಗಿಸಿದ ಮೇಲೆ ಇನ್ನೊಬ್ಬಳು. ಫಾರ್ಮ್ ತುಂಬಿದ್ದು ಆ ಇನ್ನೊಬ್ಬಳು, ಸಮೋಸ ತಿಂದುಕೊಂಡು.

ಈ ಜನವರಿಯಲ್ಲಿ ಅದೇ ಫಾರ್ಮ್ ಮತ್ತೆ ಬಂತು. ಬೂಟು ಹೋಗಿ "ಬೇರೆಯವರ ಸ್ಥಾನ" ಬಂದಿತ್ತು. ಈ ಸಲ ಯಾರೂ ಯೋಚಿಸಲೇ ಇಲ್ಲ. ಯಾವುದಕ್ಕೆ ಯಾವ ಮನೆ ಎಂದು ಎಲ್ಲರಿಗೂ ಬಾಯಿಪಾಠ. 49 ಬಂದಿದ್ದ ಹಿರಿಯ ಸಿಸ್ಟರ್ ಆರು ನಿಮಿಷದಲ್ಲಿ ತುಂಬಿ, "ಈ ಸಲ ಎಮರ್ಜೆನ್ಸಿಲಿ ಫುಲ್ ಗಾಬರಿಯಾಗಿದೀನಿ ನೋಡು" ಎಂದು ಕಣ್ಣು ಮಿಟುಕಿಸಿ ಐಸಿಯುಗೆ ಹೊರಟರು. ಅವರಿಗೆ ಈಗ 91, ವಾರ್ಡಿನಲ್ಲೇ ಮೊದಲನೆಯವರು.

ನಾನೂ ಹಾಗೇ ಇಳಿದುಕೊಂಡು ಬಂದೆ. ಡಿ, ಇ, ಇ, ಡಿ. ಕೊನೆಯ, 28ನೆಯ ವಾಕ್ಯದ ಹತ್ತಿರ ಪೆನ್ನು ನಿಂತಿತು. ಯಾರನ್ನಾದರೂ ಬೈಯುವ ಮೊದಲು, ಅವರ ಜಾಗದಲ್ಲಿ ನಾನಿದ್ದರೆ ಹೇಗೆ ಅನ್ನಿಸುತ್ತಿತ್ತು ಎಂದು ಯೋಚಿಸುತ್ತೇನೆ, ಅನ್ನುವಂಥದ್ದು. ಬೆಳಿಗ್ಗೆ ವೀಲ್‌ಚೇರ್ ತರಲು ತಡ ಮಾಡಿದ ವಾರ್ಡ್ ಬಾಯ್‌ಗೆ ಎಲ್ಲರ ಎದುರು ಕೂಗಾಡಿದ್ದೆ. ಅವನು ಏನೋ ಹೇಳಲು ಹೋಗಿದ್ದ, ನಾನು ಬಿಟ್ಟಿರಲಿಲ್ಲ. ಆಮೇಲೆ ಗೊತ್ತಾಯಿತು, ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹೊತ್ತು ತಂದಿದ್ದ.

ಬಿ ಮೇಲೆ ಟಿಕ್ ಹಾಕಿದೆ. ಎಚ್‌ಆರ್ ಹುಡುಗನ ಕೈಗೆ ಫಾರ್ಮ್ ಕೊಟ್ಟು, ನನ್ನ ಪಾಲಿನ ಸಮೋಸವನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು, ಆ ವಾರ್ಡ್ ಬಾಯ್ ಯಾವ ಮಹಡಿಯಲ್ಲಿದ್ದಾನೆ ಎಂದು ಕೇಳಿಕೊಂಡು ಮೆಟ್ಟಿಲು ಹತ್ತಿದೆ. ಲಿಫ್ಟ್ ಇನ್ನೂ ರಿಪೇರಿಯಾಗಿರಲಿಲ್ಲ.